ಅರಿವಿನ ಕೋಲು

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಡೆಯುವಾಗ ನಾವು ಹೆಜ್ಜೆಹೆಜ್ಜೆಗೂ ಕಣ್ಣನ್ನು ನಂಬುತ್ತೇವೆ. ದಾರಿಯ ಕಲ್ಲು, ಚರಂಡಿಯ ಅಂಚು, ಎದುರಿನಿಂದ ಬರುವ ಗಾಡಿ ಇವನ್ನೆಲ್ಲ ಕಣ್ಣು ಮುಂದಾಗಿಯೇ ಕಂಡು ಕಾಲಿಗೆ ಎಚ್ಚರ ಹೇಳುತ್ತದೆ. ಈ ಕೆಲಸ ಎಷ್ಟು ಸಹಜವಾಗಿ ನಡೆಯುತ್ತದೆಯೆಂದರೆ, ಅದು ನಡೆಯುತ್ತಿದೆ ಎಂಬುದೇ ನಮ್ಮ ಅರಿವಿಗೆ ಬರುವುದಿಲ್ಲ. ಆದುದರಿಂದಲೇ ಕಣ್ಣು ಕಾಣದವರು ತಾವಾಗಿ ನಡೆಯಲಾರರು, ಅವರನ್ನು ಯಾರಾದರೂ ನಡೆಸಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ಸರಿಯೆ? ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಅದು ತಪ್ಪೆಂಬುದನ್ನು ನನಗೆ ಕಲಿಸಿದವನು ನನ್ನ ವಿದ್ಯಾರ್ಥಿಯೊಬ್ಬ.

ನಾನು ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ಅಧ್ಯಾಪಕನಾಗಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬನ ದೃಷ್ಟಿ ಕುಂದುತ್ತ ಬಂದು ಕೊನೆಗೆ ಪೂರ್ಣವಾಗಿ ಹೋಯಿತು. ಶಾಲೆಯಲ್ಲಿ ಎಲ್ಲರಿಗೂ ಅವನ ಮೇಲೆ ಮರುಕ. ಅವನ ಪುಸ್ತಕದ ಚೀಲವನ್ನು ಒಬ್ಬ ಹೊರುವನು. ಇಬ್ಬರು ಎರಡು ಕೈಗಳನ್ನು ಹಿಡಿದು ತರಗತಿಗೆ ಕರೆತರುವರು. ಕುಡಿಯುವ ನೀರನ್ನೂ ಅವನು ಕುಳಿತಲ್ಲಿಗೇ ತಂದುಕೊಡುವರು. ಮನೆಯಲ್ಲಿ ತಾಯಿ ಅವನನ್ನು ಹೊಸಿಲು ದಾಟಗೊಡುತ್ತಿರಲಿಲ್ಲ. ಹಿಂದಿನ ವರ್ಷ ಮೈದಾನದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಹುಡುಗ ಒಂದೇ ವರ್ಷದಲ್ಲಿ ಕಿಟಕಿಯ ಬಳಿಯ ಬೆಂಚಿಗೆ ಅಂಟಿಹೋದನು. ಎದ್ದು ನಿಂತರೆ ಬೆನ್ನು ಬಾಗುತ್ತಿತ್ತು. ಒಂದು ಹೆಜ್ಜೆ ಇಡಬೇಕಾದರೆ ಯಾರ ಕೈಗಾಗಿಯೋ ತಡಕುತ್ತಿದ್ದನು. ನಾವು ಅವನಿಗೆ ಮಾಡಿದ ಉಪಕಾರಗಳಲ್ಲಿ ಒಂದಾದರೂ ಕೆಟ್ಟ ಮನಸ್ಸಿನಿಂದ ಮಾಡಿದುದಲ್ಲ. ಆದರೂ ಅವೆಲ್ಲವೂ ಸೇರಿ ಅವನ ಕಾಲುಗಳನ್ನು ಕಟ್ಟಿಹಾಕಿದ್ದವು.

ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಅವನ ಸೋದರಮಾವ ಅವನನ್ನು ಅಂಧರ ತರಬೇತಿ ಕೇಂದ್ರವೊಂದಕ್ಕೆ ಸೇರಿಸಿದರು. ಕೆಲವು ತಿಂಗಳು ಕಳೆದವು. ಒಂದು ದಿನ ಬಸ್ ನಿಲ್ದಾಣದ ಎದುರು ಅವನು ಒಬ್ಬನೇ ನಿಂತಿರುವುದನ್ನು ಕಂಡೆ. ಕೈಯಲ್ಲಿ ಉದ್ದವಾದ ಬಿಳಿಯ ಕೋಲು. ನಾನು ಗಾಬರಿಯಿಂದ ಓಡಿಹೋಗಿ, ಅವನ ಮಣಿಕಟ್ಟನ್ನು ಹಿಡಿದು, "ಬಾರಪ್ಪ, ರಸ್ತೆ ದಾಟಿಸುತ್ತೇನೆ" ಎಂದು ಎಳೆದೆ. ಅವನು ಧ್ವನಿಯಿಂದಲೇ ನನ್ನನ್ನು ಗುರುತಿಸಿ ನಕ್ಕನು. "ನಮಸ್ಕಾರ ಸಾರ್, ತಪ್ಪು ತಿಳಿಯಬೇಡಿ. ನೀವು ನನ್ನ ಕೈ ಹಿಡಿಯುವುದು ಬೇಡ, ನಾನೇ ನಿಮ್ಮ ತೋಳು ಹಿಡಿದುಕೊಳ್ಳುತ್ತೇನೆ" ಎಂದನು.

ಕೈ ಹಿಡಿಸಿಕೊಳ್ಳುವುದಕ್ಕೂ ತೋಳು ಹಿಡಿಯುವುದಕ್ಕೂ ಏನು ವ್ಯತ್ಯಾಸ? ಅಂದು ನನಗೆ ಅದು ತಿಳಿಯಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡುದನ್ನು ಇಲ್ಲಿ ನಿಮಗೆ ಹೇಳುತ್ತೇನೆ.

ದೃಷ್ಟಿ ಕಳೆದುಕೊಂಡವರನ್ನು ಸ್ವತಂತ್ರವಾದ ಬಾಳಿಗೆ ಮತ್ತೆ ಅಣಿಗೊಳಿಸುವ ಶಿಕ್ಷಣಕ್ಕೆ ಪುನರ್ವಸತಿ ಎಂದು ಹೆಸರು. ಬ್ರೈಲ್ ಲಿಪಿಯ ಓದುಬರಹ, ಅಡುಗೆ, ಉದ್ಯೋಗ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಆದರೆ ಇವಕ್ಕೆಲ್ಲ ತಳಹದಿಯಾದುದು ಸಂಚಾರದ ಶಿಕ್ಷಣ. ಓದು ಬಲ್ಲವನು ಶಾಲೆಗೆ ಹೋಗಲಾರನಾದರೆ ಆ ಓದಿನಿಂದೇನು? ಕಸುಬು ಬಲ್ಲವಳು ಕೆಲಸದ ಸ್ಥಳವನ್ನು ತಲುಪಲಾರಳಾದರೆ ಆ ಕಸುಬಿನಿಂದೇನು? ಈ ಶಿಕ್ಷಣಕ್ಕೆ ಎರಡು ಅಂಗಗಳಿವೆ. ನಾನು ಎಲ್ಲಿದ್ದೇನೆ, ಯಾವ ದಿಕ್ಕಿಗೆ ಮುಖಮಾಡಿದ್ದೇನೆ, ಹೋಗಬೇಕಾದ ಸ್ಥಳ ಎತ್ತ ಇದೆ ಎಂಬ ಅರಿವು ಮೊದಲನೆಯದು. ಆ ಸ್ಥಳಕ್ಕೆ ಅಪಾಯವಿಲ್ಲದೆ ನಡೆದುಹೋಗುವ ಕೌಶಲ ಎರಡನೆಯದು. ಇಂಗ್ಲಿಷಿನಲ್ಲಿ ಇವನ್ನು ಓರಿಯೆಂಟೇಶನ್ ಮತ್ತು ಮೊಬಿಲಿಟಿ ಎಂದು ಕರೆಯುತ್ತಾರೆ. ದಿಕ್ಕಿನ ಅರಿವಿಲ್ಲದೆ ನಡೆದರೆ ದಾರಿ ತಪ್ಪುತ್ತದೆ. ನಡೆಯುವ ಧೈರ್ಯವಿಲ್ಲದಿದ್ದರೆ ದಿಕ್ಕಿನ ಅರಿವು ವ್ಯರ್ಥವಾಗುತ್ತದೆ. ಎರಡೂ ಕೂಡಿದಾಗಲೇ ಸಂಚಾರ.

ಅಂಧರ ಕೈಯಲ್ಲಿ ಕೋಲು ಇರುವುದು ಹೊಸ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಹೋಲ್ಮನ್ ಎಂಬ ಆಂಗ್ಲ ನೌಕಾಧಿಕಾರಿ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಮೇಲೂ ಲೋಹದ ತುದಿಯ ಕೋಲೊಂದನ್ನು ಹಿಡಿದು ಪ್ರಪಂಚವನ್ನು ಸುತ್ತಿದನು. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜೇಮ್ಸ್ ಬಿಗ್ಸ್ ಎಂಬಾತ, ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಬಳಿಕ, ವಾಹನ ನಡೆಸುವವರಿಗೆ ಸ್ಪಷ್ಟವಾಗಿ ಕಾಣಲೆಂದು ತನ್ನ ಕೋಲಿಗೆ ಬಿಳಿಯ ಬಣ್ಣ ಬಳಿದನು. ಹತ್ತು ವರ್ಷಗಳ ನಂತರ, 1931ರಲ್ಲಿ, ಪ್ಯಾರಿಸ್ಸಿನ ಗಿಲಿ ದೆರ್ಬ್‌ಮೋಂ ಎಂಬ ಮಹಿಳೆ ಅಂಧರಿಗೆ ಬಿಳಿಯ ಕೋಲನ್ನು ಕೊಡಿಸುವ ಚಳವಳಿಯನ್ನೇ ಹೂಡಿದಳು. ಹೀಗೆ ಬಿಳಿಯ ಕೋಲು ಒಂದು ಗುರುತಾಯಿತು. ಆದರೆ ಅದರ ಬಣ್ಣದಿಂದ ಪ್ರಯೋಜನವಾದುದು ನೋಡುವವರಿಗೆ. ಕೋಲು ಹಿಡಿದವರಿಗೆ ನೆಲದ ಸಮಾಚಾರವನ್ನು ಆ ಬಣ್ಣ ತಿಳಿಸಲಾರದು. ಕೋಲಾದರೂ ಗಿಡ್ಡವಾಗಿತ್ತು. ಮುದುಕರು ಊರಿಕೊಳ್ಳುವ ಕೋಲಿನಂತೆ ಅದು ಮೈಯ ಭಾರವನ್ನು ಹೊರುತ್ತಿತ್ತೇ ಹೊರತು ಮುಂದಿನ ಹೆಜ್ಜೆಯ ವಾರ್ತೆಯನ್ನು ತರುತ್ತಿರಲಿಲ್ಲ.

ಈ ಕೊರತೆ ನೀಗಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಯೋಧರು ಪೆನ್ಸಿಲ್ವೇನಿಯ ರಾಜ್ಯದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಗೆ ಬಂದು ಸೇರುತ್ತಿದ್ದರು. ಅವರೆಲ್ಲ ತರುಣರು, ಗಟ್ಟಿಮುಟ್ಟಾದ ಮೈಯವರು. ಅವರಿಗೆ ಬೇಕಾದುದು ಊರಿಕೊಳ್ಳುವ ಆಸರೆಯಲ್ಲ. ಅಲ್ಲಿ ಸೇವೆಯಲ್ಲಿದ್ದ ರಿಚರ್ಡ್ ಹೂವರ್ ಹಿಂದೆ ಅಂಧರ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದವನು. ಅವನು ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡು ನಡೆದುನೋಡಿ, ಅಂಧನಿಗೆ ಕೋಲಿನಿಂದ ಆಗಬೇಕಾದ ಕೆಲಸವೇನೆಂದು ಆಲೋಚಿಸಿದನು. ಕೋಲು ಭಾರ ಹೊರುವುದು ಬೇಡ. ಅದು ಬೆರಳಿನಂತೆ ಮುಂದೆ ಚಾಚಿ ನೆಲವನ್ನು ಮುಟ್ಟಿನೋಡಬೇಕು ಎಂದು ಅವನಿಗೆ ಹೊಳೆಯಿತು. ಅದರಂತೆ 1944ರ ಸುಮಾರಿಗೆ ಹಗುರವಾದ, ಎದೆಯ ಮಟ್ಟಕ್ಕೆ ಬರುವಷ್ಟು ಉದ್ದವಾದ ಕೋಲೂ ಅದನ್ನು ಬಳಸುವ ಕ್ರಮವೂ ರೂಪುಗೊಂಡವು.

ಆ ಕ್ರಮ ನೋಡಲು ಸರಳ. ಕೋಲಿನ ಹಿಡಿಯನ್ನು ಹೊಟ್ಟೆಯ ನೇರಕ್ಕೆ, ದೇಹದ ನಡುಭಾಗದಲ್ಲಿ ಹಿಡಿಯಬೇಕು. ತೋಳನ್ನು ಆಡಿಸದೆ ಮಣಿಕಟ್ಟನ್ನು ಮಾತ್ರ ತಿರುಗಿಸುತ್ತ, ಕೋಲಿನ ತುದಿ ಎಡಕ್ಕೂ ಬಲಕ್ಕೂ ಬಿಲ್ಲಿನಾಕಾರದಲ್ಲಿ ಚಲಿಸುವಂತೆ ಮಾಡಬೇಕು. ಆ ಬಿಲ್ಲಿನ ಅಗಲ ಭುಜಗಳ ಅಗಲಕ್ಕಿಂತ ತುಸು ಹೆಚ್ಚಾಗಿರಬೇಕು. ಬಲಗಾಲು ಮುಂದೆ ಹೋಗುವಾಗ ಕೋಲಿನ ತುದಿ ಎಡಗಡೆಯ ನೆಲವನ್ನು ಮುಟ್ಟುತ್ತದೆ. ಎಡಗಾಲು ಮುಂದೆ ಹೋಗುವಾಗ ಬಲಗಡೆಯ ನೆಲವನ್ನು ಮುಟ್ಟುತ್ತದೆ. ಹೀಗೇಕೆ? ಬಲಗಾಲಿನ ಬಳಿಕ ಊರಬೇಕಾದುದು ಎಡಗಾಲಲ್ಲವೆ? ಆ ಎಡಗಾಲು ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಎಂದರೆ ಪ್ರತಿಯೊಂದು ಹೆಜ್ಜೆಯನ್ನೂ ಕಾಲಿಗಿಂತ ಮುಂಚೆ ಕೋಲು ಇಟ್ಟಿರುತ್ತದೆ. ಗುಂಡಿಯಿದ್ದರೆ ತುದಿ ಕೆಳಗಿಳಿಯುತ್ತದೆ, ಕಲ್ಲಿದ್ದರೆ ತಾಗುತ್ತದೆ, ಮಣ್ಣು ಮುಗಿದು ಸಿಮೆಂಟು ಬಂದರೆ ಸದ್ದು ಬದಲಾಗುತ್ತದೆ. ಕೋಲು ಹಿಡಿದ ಕೈ ಇದನ್ನೆಲ್ಲ ಓದಿಕೊಳ್ಳುತ್ತದೆ. ಆದುದರಿಂದ ಈ ಕೋಲನ್ನು ಊರುಗೋಲು ಎನ್ನುವುದಕ್ಕಿಂತ ಅರಿವಿನ ಕೋಲು ಎನ್ನುವುದೇ ಹೆಚ್ಚು ಸರಿ.

1948ರಲ್ಲಿ ಷಿಕಾಗೋ ನಗರದ ಸಮೀಪದ ಹೈನ್ಸ್ ಎಂಬಲ್ಲಿ ಮಾಜಿ ಯೋಧರ ಆಸ್ಪತ್ರೆಗೆ ಸೇರಿದಂತೆ ಅಂಧರ ಪುನರ್ವಸತಿ ಕೇಂದ್ರವೊಂದು ಪ್ರಾರಂಭವಾಯಿತು. ಅದರ ಮುಖ್ಯಸ್ಥನಾದ ರಸೆಲ್ ವಿಲಿಯಮ್ಸ್ ಯುದ್ಧದಲ್ಲಿ ತಾನೇ ದೃಷ್ಟಿ ಕಳೆದುಕೊಂಡು, ವ್ಯಾಲಿ ಫೋರ್ಜ್ ಆಸ್ಪತ್ರೆಯಲ್ಲಿ ಶುಶ್ರೂಷೆ ಪಡೆದವನು. ಅಲ್ಲಿ ಕಲಿಸಲು ಬಂದ ಕಣ್ಣುಳ್ಳ ಶಿಕ್ಷಕರು ಮೊದಲು ತಾವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ನಡೆಯುವುದನ್ನು ಕಲಿಯಬೇಕಾಗಿತ್ತು. ತಾನು ನಡೆಯದ ದಾರಿಯನ್ನು ಇನ್ನೊಬ್ಬರಿಗೆ ತೋರಿಸುವುದು ಹೇಗೆ?

ಕೋಲಿನ ಜೊತೆಗೆ ಅಂಧರಿಗೆ ನೆರವಾಗುವ ಇನ್ನೊಂದು ಸಾಧನವೆಂದರೆ ಕಿವಿ. ಕೆಲವರು ಅಂಧರು ಗೋಡೆಯನ್ನು ಮುಟ್ಟುವ ಮೊದಲೇ ಅದರ ಇರವನ್ನು ಅರಿತು ನಿಲ್ಲುವುದುಂಟು. ಮುಖದ ಚರ್ಮಕ್ಕೆ ಏನೋ ಸೋಕಿದಂತಾಗುತ್ತದೆ ಎಂದು ಅವರಲ್ಲಿ ಹಲವರು ಹೇಳುತ್ತಿದ್ದರು. ಇದನ್ನು ಜನರು ದೈವದತ್ತವಾದ ಆರನೆಯ ಇಂದ್ರಿಯವೆಂದು ಬಗೆದಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನಡೆದ, 1944ರಲ್ಲಿ ಪ್ರಕಟವಾದ ಪ್ರಯೋಗಗಳು ಇದರ ಗುಟ್ಟನ್ನು ಬಯಲಿಗೆ ತಂದವು. ಮುಖವನ್ನು ದಪ್ಪ ಬಟ್ಟೆಯಿಂದ ಮುಚ್ಚಿದರೂ ಅವರು ಅಡ್ಡಿಯನ್ನು ಅರಿಯುತ್ತಿದ್ದರು. ಆದರೆ ಕಿವಿಗಳನ್ನು ಮುಚ್ಚಿದೊಡನೆ ಅದಕ್ಕೆ ಢಿಕ್ಕಿ ಹೊಡೆಯುತ್ತಿದ್ದರು. ಹೆಜ್ಜೆಯ ಸದ್ದು ಗೋಡೆಗೆ ತಾಗಿ ಹಿಂದಿರುಗುವುದನ್ನು ಅವರ ಕಿವಿ ಗ್ರಹಿಸುತ್ತಿತ್ತು, ಅವರಿಗೇ ಅರಿವಿಲ್ಲದಂತೆ! ಅದೇ ಪ್ರಯೋಗದಲ್ಲಿ ಕಣ್ಣುಳ್ಳವರೂ ಬಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡಿ ಈ ಶಕ್ತಿಯನ್ನು ಪಡೆದರು. ಆದುದರಿಂದ ಇದು ಪವಾಡವಲ್ಲ, ಸಾಧನೆ. ಒಂದು ಇಂದ್ರಿಯ ಹೋದರೆ ಉಳಿದವು ತಾವಾಗಿಯೇ ಚುರುಕಾಗಿಬಿಡುತ್ತವೆ ಎಂದು ಭಾವಿಸಿ ಸುಮ್ಮನಿರುವಂತಿಲ್ಲ. ಅವನ್ನು ಅಭ್ಯಾಸದಿಂದ ಹದಗೊಳಿಸಬೇಕು.

ಈ ಶಿಕ್ಷಣವು ಹಂತಹಂತವಾಗಿ ನಡೆಯುತ್ತದೆ. ಮೊದಲನೆಯ ಪಾಠ ಮನೆಯೊಳಗೆ. ಹಿಂಗೈಯಿಂದ ಗೋಡೆಯನ್ನು ಸವರುತ್ತ ನೇರವಾಗಿ ನಡೆಯುವುದು. ಒಂದು ತೋಳನ್ನು ಮಡಿಸಿ ಮುಖದ ಮುಂದೆ ಅಡ್ಡ ಹಿಡಿದು ತಲೆಯನ್ನು ಕಾಪಾಡಿಕೊಳ್ಳುವುದು. ಗೋಡೆಗೆ ಬೆನ್ನು ಕೊಟ್ಟು ನಿಂತು ಎದುರಿನ ದಿಕ್ಕನ್ನು ಖಚಿತಪಡಿಸಿಕೊಳ್ಳುವುದು. ಕೆಳಗೆ ಬಿದ್ದ ವಸ್ತುವನ್ನು ಸದ್ದಿನ ಜಾಡು ಹಿಡಿದು ಹುಡುಕುವುದು ಇವು ಆ ಹಂತದ ಅಭ್ಯಾಸಗಳು. ಬಳಿಕ ಕೋಲು ಕೈಗೆ ಬರುತ್ತದೆ. ಮೆಟ್ಟಿಲನ್ನು ಹತ್ತುವಾಗ ಕೋಲನ್ನು ನೆಟ್ಟಗೆ ಹಿಡಿದು ಮುಂದಿನ ಮೆಟ್ಟಿಲಿಗೆ ತಾಗಿಸುತ್ತ ಹೋಗಬೇಕು. ಇಳಿಯುವಾಗ ಮೊದಲು ಅಂಚನ್ನು ಕೋಲಿನಿಂದ ಕಂಡುಕೊಳ್ಳಬೇಕು. ಆಮೇಲೆ ಬೀದಿಯ ಪಾಠ. ದೇವಸ್ಥಾನದ ಗಂಟೆ, ಹಿಟ್ಟಿನ ಗಿರಣಿಯ ಸದ್ದು, ಹೂವಿನ ಅಂಗಡಿಯ ಪರಿಮಳ, ಬೆಳಗಿನ ಬಿಸಿಲು ಕೆನ್ನೆಯ ಯಾವ ಭಾಗಕ್ಕೆ ಬೀಳುತ್ತದೆ ಎಂಬುದು ಇವೆಲ್ಲವೂ ದಾರಿಯ ಸೂಚನೆಗಳು. ಆದರೆ ಗಿರಣಿ ಒಂದು ದಿನ ಮುಚ್ಚಿರಬಹುದು, ಮೋಡ ಕವಿದು ಬಿಸಿಲು ಮರೆಯಾಗಬಹುದು. ಆದ್ದರಿಂದ ಎಂದೂ ಬದಲಾಗದ ಕಟ್ಟೆ, ಕಂಬ, ಇಳಿಜಾರು ಮುಂತಾದ ಸ್ಥಿರ ಗುರುತುಗಳನ್ನೂ ನೆನಪಿನಲ್ಲಿಡುವುದನ್ನು ಕಲಿಸುತ್ತಾರೆ. ಹೀಗೆ ಕಲಿಯುವವರ ಮನಸ್ಸಿನಲ್ಲಿ ಊರಿನ ಭೂಪಟವೊಂದು ಸಿದ್ಧವಾಗುತ್ತದೆ. ರಸ್ತೆ ದಾಟುವುದು ಕೊನೆಯ ಹಾಗೂ ಕಠಿಣವಾದ ಪಾಠ. ತಮ್ಮ ಪಕ್ಕದಲ್ಲಿ ಸಾಗುವ ವಾಹನಗಳ ಸದ್ದಿನಿಂದ ರಸ್ತೆಯ ನೇರವನ್ನೂ, ಎದುರಿಗೆ ಅಡ್ಡವಾಗಿ ಹಾಯುವ ವಾಹನಗಳ ಸದ್ದಿನಿಂದ ದಾಟುವ ಸಮಯವನ್ನೂ ಅವರು ನಿರ್ಧರಿಸಬೇಕಾಗುತ್ತದೆ.

ದೃಷ್ಟಿದೋಷವುಳ್ಳವರೆಲ್ಲರೂ ಸಂಪೂರ್ಣ ಅಂಧರಲ್ಲ. ಅವರಲ್ಲಿ ಅನೇಕರಿಗೆ ಅಷ್ಟಿಷ್ಟು ದೃಷ್ಟಿ ಉಳಿದಿರುತ್ತದೆ. ಕೆಲವರಿಗೆ ನೋಟದ ನಡುಭಾಗ ಮಸುಕಾಗಿ, ಅಂಚು ಮಾತ್ರ ಕಾಣುತ್ತದೆ. ಅವರು ಅಕ್ಷರ ಓದಲಾರರು, ಆದರೆ ತಕ್ಕಮಟ್ಟಿಗೆ ನಡೆಯಬಲ್ಲರು. ಇನ್ನು ಕೆಲವರಿಗೆ ಅಂಚು ಮರೆಯಾಗಿ, ಕೊಳವೆಯೊಳಗಿಂದ ನೋಡಿದಂತೆ ನಡುಭಾಗವಷ್ಟೇ ಕಾಣುತ್ತದೆ. ಅವರು ಪತ್ರಿಕೆ ಓದಬಲ್ಲರು, ಆದರೆ ಪಕ್ಕದ ಕಂಬಕ್ಕೆ ಢಿಕ್ಕಿ ಹೊಡೆಯುತ್ತಾರೆ. ಅಂಥವರು ಕೋಲು ಹಿಡಿದು ಬಂದು ಬಸ್ಸಿನಲ್ಲಿ ಕುಳಿತು ಪತ್ರಿಕೆ ಬಿಡಿಸಿದರೆ, ಇದು ಸೋಗೆಂದು ಹಾಸ್ಯ ಮಾಡುವವರಿದ್ದಾರೆ. ಅದು ಸೋಗಲ್ಲ, ನಮ್ಮ ಅಜ್ಞಾನ. ಉಳಿದ ದೃಷ್ಟಿಯನ್ನು ಪೂರ್ಣವಾಗಿ ಬಳಸಿಕೊಳ್ಳುವುದನ್ನೂ ಪುನರ್ವಸತಿ ಕೇಂದ್ರಗಳು ಕಲಿಸುತ್ತವೆ. ಮೆಟ್ಟಿಲಿನ ಅಂಚಿಗೆ ಗಾಢವಾದ ಹಳದಿ ಪಟ್ಟಿ ಬಳಿಯುವುದರಿಂದಲೇ ಎಷ್ಟೋ ಜನ ಬೀಳದೆ ಉಳಿಯುತ್ತಾರೆ.

ನಮ್ಮ ದೇಶದಲ್ಲಿಯೂ ಈ ಕಾರ್ಯಕ್ಕೆ ಇತಿಹಾಸವಿದೆ. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳಿಗಾಗಿ 1901ರಲ್ಲಿಯೇ ಶಾಲೆ ಆರಂಭವಾಯಿತು. 1943ರಲ್ಲಿ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಯೋಧರಿಗಾಗಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ ವಸತಿಗೃಹವನ್ನು ತೆರೆಯಲಾಯಿತು. ಅದನ್ನು ನಡೆಸಿದ ಕ್ಲೂಥಾ ಮೆಕೆಂಜಿ ನ್ಯೂಜಿಲೆಂಡಿನವರು. 1915ರ ಗ್ಯಾಲಿಪೊಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರು. ಸ್ವಾತಂತ್ರ್ಯಾನಂತರ, 1950ರಲ್ಲಿ, ಭಾರತ ಸರ್ಕಾರ ಆ ಕೆಲಸವನ್ನು ವಹಿಸಿಕೊಂಡು ವಯಸ್ಕ ಅಂಧರ ತರಬೇತಿಗೆ ವ್ಯವಸ್ಥೆ ಮಾಡಿತು. ಆ ಬೀಜದಿಂದ ಬೆಳೆದ ಸಂಸ್ಥೆ ಇಂದು ದೃಷ್ಟಿದೋಷವುಳ್ಳವರ ರಾಷ್ಟ್ರೀಯ ಸಂಸ್ಥೆಯಾಗಿದೆ.

ಕೋಲಿಗೂ ಒಂದು ಮಿತಿಯುಂಟು. ನೆಲದ ಮೇಲಿನದನ್ನು ಅದು ತಿಳಿಸುತ್ತದೆ. ಆದರೆ ಜೋತುಬಿದ್ದ ಕೊಂಬೆ, ಬೀದಿಗೆ ತೆರೆದ ಕಿಟಕಿಯ ಬಾಗಿಲು, ನಿಂತ ಲಾರಿಯಿಂದ ಹಿಂದಕ್ಕೆ ಚಾಚಿದ ಕಬ್ಬಿಣದ ಸಲಾಕೆ ಇವು ಅದಕ್ಕೆ ಸಿಗುವುದಿಲ್ಲ. ಈ ಕೊರತೆಯನ್ನು ತುಂಬಲು ದೆಹಲಿಯ ಐಐಟಿಯಲ್ಲಿ ಸ್ಮಾರ್ಟ್‌ಕೇನ್ ಎಂಬ ಸಾಧನವನ್ನು ರೂಪಿಸಿ 2014ರಲ್ಲಿ ಬಳಕೆಗೆ ತಂದರು. ಕೋಲಿಗೆ ಜೋಡಿಸುವ ಈ ಚಿಕ್ಕ ಯಂತ್ರ, ನಮ್ಮ ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಹೊರಡಿಸಿ, ಮೊಳಕಾಲಿನಿಂದ ತಲೆಯವರೆಗಿನ ಎತ್ತರದಲ್ಲಿರುವ ಅಡ್ಡಿಗಳನ್ನು ಮೂರು ಮೀಟರ್‌ಗಳಷ್ಟು ದೂರದಿಂದಲೇ ಗುರುತಿಸಿ ಕಂಪನದ ಮೂಲಕ ಕೈಗೆ ತಿಳಿಸುತ್ತದೆ. ಬಾವಲಿಯು ಕತ್ತಲಲ್ಲಿ ಹಾರುವ ವಿದ್ಯೆಯೂ ಇಂಥದೇ ಅಲ್ಲವೆ?

ಆದರೆ ನಡೆಯುವವನಿಗೆ ಕೌಶಲ ಇದ್ದರಷ್ಟೇ ಸಾಲದು, ದಾರಿಯೂ ನಡೆಯುವಂತಿರಬೇಕು. ಜಪಾನಿನ ಸೇಯಿಚಿ ಮಿಯಾಕೆ ಎಂಬಾತ 1965ರಲ್ಲಿ ಉಬ್ಬುಗುರುತಿನ ಹಾಸುಬಿಲ್ಲೆಗಳನ್ನು ರೂಪಿಸಿದನು. 1967ರಲ್ಲಿ ಒಕಯಾಮಾ ನಗರದಲ್ಲಿ, ಅಂಧರ ಶಾಲೆಯ ಬಳಿಯ ರಸ್ತೆಯಲ್ಲಿ, ಅವನ್ನು ಮೊದಲ ಬಾರಿಗೆ ಹಾಸಲಾಯಿತು. ಉದ್ದ ಗೆರೆಗಳಿದ್ದರೆ ಮುಂದೆ ನಡೆ ಎಂದೂ, ದುಂಡು ಚುಕ್ಕೆಗಳಿದ್ದರೆ ನಿಂತು ಎಚ್ಚರವಹಿಸು ಎಂದೂ ಅರ್ಥ. ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಹಳದಿ ಬಣ್ಣದ ಇಂಥ ಬಿಲ್ಲೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅವು ಅಲಂಕಾರಕ್ಕಾಗಿ ಹಾಸಿದವಲ್ಲ. ಕಾಲಿನಿಂದ ಓದುವ ಲಿಪಿ ಅದು. ಸಾರ್ವಜನಿಕ ಕಟ್ಟಡ, ರಸ್ತೆ, ವಾಹನಗಳು ಎಲ್ಲರ ಸಂಚಾರಕ್ಕೂ ಅನುಕೂಲವಾಗಿರಬೇಕೆಂದು ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ವಿಧಿಸುತ್ತದೆ. ಕಾನೂನು ಪುಸ್ತಕದಲ್ಲಿದ್ದರೆ ಸಾಕೆ? ಆ ಬಿಲ್ಲೆಗಳ ಮೇಲೆ ನಾವು ಮೋಟಾರು ಸೈಕಲ್ಲು ನಿಲ್ಲಿಸಿದರೆ, ತೆರೆದಿಟ್ಟ ಪುಸ್ತಕದ ಮೇಲೆ ಮಸಿ ಚೆಲ್ಲಿದಂತಾಗುತ್ತದೆ.

ಈಗ ನನ್ನ ವಿದ್ಯಾರ್ಥಿ ಅಂದು ಆಡಿದ ಮಾತಿನ ಅರ್ಥವನ್ನು ನೋಡೋಣ. ಅಂಧರ ಕೈಯನ್ನು ನಾವು ಹಿಡಿದು ಎಳೆದರೆ ಅವರು ನಾವು ಎಳೆದತ್ತ ಬರುವ ಸರಕಾಗುತ್ತಾರೆ. ಮುಂದೆ ಏನಿದೆಯೆಂಬುದು ಅವರಿಗೆ ತಿಳಿಯುವುದಿಲ್ಲ. ಅವರೇ ನಮ್ಮ ತೋಳನ್ನು ಮೊಣಕೈಯ ಮೇಲ್ಭಾಗದಲ್ಲಿ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದರೆ, ನಮ್ಮ ಮೈಯ ಚಲನೆಯೇ ಅವರಿಗೆ ದಾರಿಯನ್ನು ಹೇಳುತ್ತದೆ. ನಾವು ಮೆಟ್ಟಿಲು ಇಳಿದರೆ, ತಿರುಗಿದರೆ, ನಿಂತರೆ, ಅದು ಕೂಡಲೇ ಅವರಿಗೆ ತಿಳಿಯುತ್ತದೆ. ದಾರಿ ಕಿರಿದಾದರೆ ನಾವು ತೋಳನ್ನು ಬೆನ್ನ ಹಿಂದಕ್ಕೆ ತಂದರೆ ಸಾಕು. ಅವರು ನಮ್ಮ ಹಿಂದೆ ಸರಿಯುತ್ತಾರೆ. ಬೇಡವೆನಿಸಿದಾಗ ಕೈ ಬಿಡುವ ಸ್ವಾತಂತ್ರ್ಯವೂ ಅವರದೇ. ಸಹಾಯ ಒಂದೇ, ಆದರೆ ಮೊದಲನೆಯದರಲ್ಲಿ ಅವರು ನಮ್ಮ ವಶ, ಎರಡನೆಯದರಲ್ಲಿ ನಾವು ಅವರಿಗೆ ಒಂದು ಸಾಧನ.

ಆದುದರಿಂದ ವಿದ್ಯಾರ್ಥಿಗಳೇ, ಬಿಳಿಯ ಕೋಲು ಹಿಡಿದವರನ್ನು ಕಂಡಾಗ ಓಡಿಹೋಗಿ ಕೈ ಹಿಡಿಯಬೇಡಿ. ಮೊದಲು ನಿಮ್ಮ ಪರಿಚಯ ಹೇಳಿ, "ಸಹಾಯ ಬೇಕೇ?" ಎಂದು ಕೇಳಿ. ಬೇಕೆಂದರೆ ನಿಮ್ಮ ತೋಳನ್ನು ನೀಡಿ. ಬೇಡವೆಂದರೆ ದಾರಿ ಬಿಡಿ. "ಅಲ್ಲಿದೆ, ಇಲ್ಲಿದೆ" ಎನ್ನದೆ "ನಿಮ್ಮ ಬಲಗಡೆ ಹತ್ತು ಹೆಜ್ಜೆ" ಎಂದು ಸ್ಪಷ್ಟವಾಗಿ ಹೇಳಿ. ಬಾಗಿಲನ್ನು ಅರ್ಧ ತೆರೆದಿಡಬೇಡಿ. ಕಾಲುದಾರಿಯಲ್ಲಿ ಸೈಕಲ್ಲು ನಿಲ್ಲಿಸಬೇಡಿ. ನಿಮ್ಮ ತರಗತಿಯಲ್ಲಿ ಕಣ್ಣು ಕಾಣದ ಗೆಳೆಯನಿದ್ದರೆ ಅವನ ಚೀಲವನ್ನು ಅವನೇ ಹೊರಲಿ. ಆಟಕ್ಕೆ ಅವನನ್ನೂ ಕರೆಯಿರಿ. ಅವನು ಒಮ್ಮೊಮ್ಮೆ ಎಡವಬಹುದು. ನಡೆಯಲು ಕಲಿಯುವಾಗ ಎಡವದವರು ಯಾರಿದ್ದಾರೆ?

ಅಂದು ಆ ಹುಡುಗ ನನ್ನ ತೋಳು ಹಿಡಿದು ರಸ್ತೆ ದಾಟಿದನು. ಆಚೆಯ ಬದಿ ತಲುಪಿದೊಡನೆ ಕೈ ಬಿಟ್ಟು, ಕೋಲಿನ ತುದಿಯನ್ನು ಮುಂದೆ ಚಾಚಿ, "ಇಲ್ಲಿಂದ ಮನೆಯ ದಾರಿ ನನಗೆ ಗೊತ್ತು ಸಾರ್, ಬರುತ್ತೇನೆ" ಎಂದು ಹೊರಟನು. ಅವನ ಬೆನ್ನು ನೆಟ್ಟಗಿತ್ತು. ಶಾಲೆಯಲ್ಲಿ ನಾವೆಲ್ಲರೂ ಸೇರಿ ಎರಡು ವರ್ಷ ಅವನನ್ನು ನಡೆಸಿದೆವು. ಅವನು ನಡೆದುದನ್ನು ನಾನು ಕಂಡುದು ಅಂದೇ.